ಟೊಪ್ಪಿಗೆ ಹಾಕಿಕೊಂಡ ಬೋಲ್ಟುಗಳು

ದೇವಾಪುರದಲ್ಲಿ ಯಾರ ಮನೆಯ ಮದುವೆಯಾದರೂ ಊಟದ ಪಂಕ್ತಿ ಎದ್ದ ಮೇಲೆ ಭೀಮವ್ವ ಚಪ್ಪರದಲ್ಲಿ ಒಂದು ಸುತ್ತು ಹಾಕುತ್ತಾಳೆ. ಬಿದ್ದಿರುವ ನೀರಿನ ಬಾಟಲಿಗಳ ಮುಚ್ಚಳ ತಿರುವಿ ತಿರುವಿ ಬಿಚ್ಚುತ್ತಾಳೆ. ಬಾಟಲಿ ಅಲ್ಲಿಯೇ ಬಿಡುತ್ತಾಳೆ, ಮುಚ್ಚಳ ಮಾತ್ರ ಸೆರಗಿಗೆ ಕಟ್ಟಿಕೊಳ್ಳುತ್ತಾಳೆ.

ಹೊಸದಾಗಿ ಆ ಊರಿಗೆ ಬಂದ ಸೊಸೆಯೊಬ್ಬಳು ಒಮ್ಮೆ ಕೇಳಿಯೇಬಿಟ್ಟಳು. "ಯವ್ವಾ, ಗುಜರಿಯವ ಬಾಟ್ಲಿ ತಗೋತಾನ. ಬೂಚ ಯಾರ್ ತಗೋತಾರ?"

"ನನ್ನ ಗಂಡ ತಗೋತಾನ" ಎಂದಳು ಭೀಮವ್ವ. "ಲಗ್ನ ಆಗಿ ಇಪ್ಪತ್ತಾರು ವರ್ಷ ಆತು, ಒಂದ್ ದಿನಾ ಬಾಯಿ ಬಿಟ್ಟು ಏನೂ ಕೇಳಿಲ್ಲ ಅಂವ. ಬೂಚ ಒಂದೇ ಕೇಳ್ಯಾನ."

ಆ ಗಂಡನ ಹೆಸರು ಯಂಕಣ್ಣ. ಊರ ಹೊರಗೆ ಹೊಲಗಳಿಗೆ ನೀರು ಹಂಚುವ ಕಾಲುವೆಯ ಮೇಲೆ ಮೂರು ಕಬ್ಬಿಣದ ಗೇಟುಗಳಿವೆ. ಅವನ್ನು ಎತ್ತುವುದು, ಇಳಿಸುವುದು ಅವನ ಕೆಲಸ. ತೆಳ್ಳನೆಯ ಆಳು. ಯಾರು ಏನು ಹೇಳಿದರೂ "ಹೂಂ" ಎನ್ನುತ್ತಾನೆ. ಎರಡು ಸಲ "ಹೂಂ" ಅಂದರೆ ಅವನು ಬಹಳ ಖುಷಿಯಲ್ಲಿದ್ದಾನೆ ಎಂದು ಊರವರ ಲೆಕ್ಕ.

ಗೇಟಿನ ಕೆಲಸ ಸಿಗುವ ಮೊದಲು ಅವನು ನಾಲ್ಕು ವರ್ಷ ಶಹಾಪುರದಲ್ಲಿ ವಹಾಬ ಎಂಬ ಲಾರಿ ಮೆಕ್ಯಾನಿಕ್‌ನ ಕೈಕೆಳಗೆ ದುಡಿದಿದ್ದ. ಲಾರಿಗೂ ಕಾಲುವೆಗೂ ಏನು ಸಂಬಂಧ ಎಂದುಕೊಂಡು, ಅಲ್ಲಿ ಕಲಿತದ್ದನ್ನು ಅಲ್ಲೇ ಬಿಟ್ಟು ಊರಿಗೆ ಬಂದಿದ್ದ. ಮೊದಲ ವರ್ಷ ಆಗಸ್ಟಿನಲ್ಲಿ ಕಾಲುವೆಗೆ ನೀರು ಬಂದಾಗ ಆ ಸಂಬಂಧ ಗೊತ್ತಾಯಿತು. ಗೇಟಿನ ಮೇಲಿನ ಚಕ್ರ ತಿರುಗಲೇ ಇಲ್ಲ. ಐದು ಜನ ಹಾರೆಕೋಲು ಹಾಕಿ ಜೋತುಬಿದ್ದರು. ಚಕ್ರ ಅರ್ಧ ಸುತ್ತು ಬಂತು, ಅದರ ಬುಡ ಹಿಡಿದಿದ್ದ ಬೋಲ್ಟು ಟಣ್ಣೆಂದು ಮುರಿದು ಕಾಲುವೆಗೆ ಹಾರಿತು. ಭತ್ತದ ಮಡಿಗೆ ನೀರು ಕಾಯುತ್ತ ನಿಂತವರು ಸುಮ್ಮನಿರುತ್ತಾರೆಯೇ?

"ಗೇಟ್ ತೆರೀಲಾಕ ಬರದವನ್ನ ಗೇಟ್ ಕಾಯಲಾಕ ಯಾರ್ ಇಟ್ಟಾರೋ?"

ಯಂಕಣ್ಣ ಉಳಿದ ಬೋಲ್ಟೊಂದನ್ನು ಬಡಿದು ತೆಗೆದು, ಕಾಗದದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ. ವಹಾಬ ಅದನ್ನು ಬೆರಳಲ್ಲಿ ತಿಕ್ಕಿದ. ತುಕ್ಕಿನ ಕೆಂಪು ಪುಡಿ ಉದುರಿತು. ಮರುದಿನ ಶುಕ್ರವಾರ. ಮಧ್ಯಾಹ್ನದ ನಮಾಜು ಮುಗಿಸಿದವನೇ ಡೀಸೆಲ್ ಡಬ್ಬಿ, ನಟ್ಟು ಬಿಚ್ಚುವ ದೊಡ್ಡ ಪಾನಾ, ತಂತಿಯ ಬ್ರಷ್ಷು ತೆಗೆದುಕೊಂಡು ತಾನೇ ದೇವಾಪುರಕ್ಕೆ ಬಂದ. ಗೇಟಿನ ಸುತ್ತ ಕುಕ್ಕರಗಾಲಲ್ಲಿ ಕೂತು ಕೂತು ನೋಡಿದ.

"ಯಂಕ್ಯಾ, ನೀರು ಹರದ್ರ ಕಬ್ಬಿಣ ಹೆದರಂಗಿಲ್ಲ. ನೀರು ಕುಂತ್ರ ಹೆದರ್ತದ. ಇಲ್ಲಿ ನಟ್ಟಿನ ಬುಡಕ ನೋಡು, ಜರಾ ಸಂದಿ ಅದ. ಒಳಗ ಹೊಕ್ಕ ನೀರಿಗೆ ಬಿಸಲು ತಾಕಂಗಿಲ್ಲ, ಗಾಳಿ ತಾಕಂಗಿಲ್ಲ. ಅಲ್ಲೇ ಕುಂತು ಜಂಗ್ ಹಿಡಸ್ತದ, ತಿಂತದ."

"ಏನ್ ಮಾಡ್ಬೇಕು ಉಸ್ತಾದ?"

"ನೀರು ಬಂದು ಕುಂದ್ರೂಕಿಂತ ಮೊದ್ಲು ನೀ ಹೋಗಿ ಅಲ್ಲಿ ಕುಂದ್ರು."

"ನಾನಾ?"

"ನೀ ಅಲ್ಲೋ ಹುಚ್ಚಪ್ಪಾ, ನಿನ್ನ ಗಿರೀಸು!"

ಸುತ್ತ ನಿಂತ ರೈತರು ನಕ್ಕುಬಿಟ್ಟರು. ಸಿಟ್ಟು ಅಲ್ಲಿಗೆ ಇಳಿಯಿತು. ಸಂಜೆಯೊಳಗೆ ವಹಾಬ ಚಕ್ರಕ್ಕೆ ಡೀಸೆಲ್ ಕುಡಿಸಿ, ಹೊಸ ಬೋಲ್ಟು ಹಾಕಿ, ಗೇಟು ಎತ್ತಿಸಿ, ಭೀಮವ್ವ ಕೊಟ್ಟ ಜೋಳದ ರೊಟ್ಟಿ ತಿಂದು ಹೋದ.

ಅಂದಿನಿಂದ ಯಂಕಣ್ಣನಿಗೆ ಬೋಲ್ಟಿನ ಗೀಳು ಹಿಡಿಯಿತು. ಬೇಸಿಗೆಯಲ್ಲಿ ಕಾಲುವೆ ಒಣಗಿದ ಕೂಡಲೇ ಒಂದೊಂದೇ ಬೋಲ್ಟು ಬಿಚ್ಚುತ್ತಿದ್ದ. ತುಕ್ಕು ಪೂರಾ ಹೋಗುವವರೆಗೆ ತಿಕ್ಕಿ, ಸುರುಳಿಯ ಸಂದಿನಲ್ಲೆಲ್ಲ ಗ್ರೀಸು ತುಂಬಿ, ಮತ್ತೆ ಹಾಕಿ ಬಿಗಿದು, ಹೊರಗೆ ಕೆಂಪು ಬಣ್ಣ ಬಳಿಯುತ್ತಿದ್ದ. ತಪ್ಪನ್ನೂ ಮಾಡಿದ. ಒಂದು ವರ್ಷ ಯಾದಗಿರಿಗೆ ಹೋದವನು ಬೆಳ್ಳಿಯ ಹಾಗೆ ಹೊಳೆಯುವ ಸ್ಟೀಲಿನ ನಾಲ್ಕು ಬೋಲ್ಟು ಕಂಡು ಮರುಳಾಗಿ ತಂದ. ಇವಕ್ಕೆ ತುಕ್ಕೇ ಇಲ್ಲ ಎಂದು ಗೇಟಿಗೆ ಹಾಕಿದ. ಎರಡು ಮಳೆಗಾಲ ಕಳೆದು ನೋಡಿದರೆ ಬೋಲ್ಟು ಫಳಫಳ ಅನ್ನುತ್ತಿವೆ, ಅವುಗಳ ಸುತ್ತಲಿನ ಗೇಟಿನ ತಗಡು ಮಾತ್ರ ಕರಿದ ಹಪ್ಪಳದಂತೆ ಎದ್ದಿದೆ! ವಹಾಬನಿಗೆ ಫೋನು ಮಾಡಿದ.

"ಎರಡು ಥರದ ಲೋಹ ನೀರಾಗ ಒಂದಕ್ಕೊಂದು ಹತ್ತಿ ಕುಂತ್ರ ಒಂದು ಇನ್ನೊಂದನ್ನ ತಿಂತದೋ" ಎಂದ ವಹಾಬ. "ಸ್ಟೀಲಿನ ಬೋಲ್ಟು ತಗದು ಒಗಿ. ಗೇಟಿನಂಥದೇ ಬೋಲ್ಟು ಹಾಕು. ಹೊಳಿಯೂದೆಲ್ಲಾ ಚಲೋ ಅಂತ ನಿನಗ ಯಾರ್ ಹೇಳ್ಯಾರ?"

ಮುಚ್ಚಳದ ಕತೆಗೆ ಮಾತ್ರ ವಹಾಬನೂ ಕಾರಣನಲ್ಲ, ಯಂಕಣ್ಣನೂ ಅಲ್ಲ. ಅದಕ್ಕೆ ಕಾರಣ ಒಂದು ಇಳಕಲ್ ಸೀರೆ. ತವರಿನವರು ಕೊಟ್ಟ ಆ ಸೀರೆ ಉಟ್ಟುಕೊಂಡೇ ಭೀಮವ್ವ ಒಂದು ದಿನ ಗಂಡನಿಗೆ ಬುತ್ತಿ ಒಯ್ದಳು. ಗೇಟಿನ ಕಟ್ಟೆಯ ಮೇಲೆ ಹಾದು ಹೋಗುವಾಗ ಬೋಲ್ಟಿನ ತುದಿಯ ಗ್ರೀಸು ಸೆರಗಿಗೆ ಬಳಿದುಕೊಂಡಿತು. ಅವಳು ಕೂಗಾಡಿದ್ದು ಆಚೆ ಹೊಲದವರೆಗೂ ಕೇಳಿಸಿತಂತೆ.

"ಊರಾಗಿನ ಹೆಂಗಸೂರು ಅರಿಷಿಣ ಹಚ್ಕೋತಾರ, ನನಗ ಗಿರೀಸು ಹಚ್ಚತಿ!"

ಯಂಕಣ್ಣ "ಹೂಂ" ಅಂದ. ಅದರಿಂದ ಅವಳ ಸಿಟ್ಟು ಇನ್ನೂ ಏರಿತು. ಮರುದಿನ ಮನೆಯಲ್ಲಿದ್ದ ಔಷಧಿ ಸೀಸೆಯ ಮುಚ್ಚಳ, ಉಪ್ಪಿನಕಾಯಿ ಡಬ್ಬಿಯ ಮುಚ್ಚಳ, ನೀರಿನ ಬಾಟಲಿಯ ಮುಚ್ಚಳ ಎಲ್ಲ ತಂದು, ತಾನು ಓಡಾಡುವ ಕಡೆಯ ಬೋಲ್ಟುಗಳ ಮೇಲೆ ಒಂದೊಂದಾಗಿ ಒತ್ತಿ ಕೂರಿಸಿದಳು. ಗ್ರೀಸಿಗೆ ಅಂಟಿ ಅವು ಗಟ್ಟಿಯಾಗಿ ಕೂತವು. ಆಚೆ ಕಡೆಯವನ್ನು ಹಾಗೇ ಬಿಟ್ಟಳು. ಅಲ್ಲಿ ಅವಳ ಸೀರೆ ಹೋಗುವುದಿಲ್ಲವಲ್ಲ.

ಮಳೆಗಾಲ ಮುಗಿಯಿತು. ಯಂಕಣ್ಣ ಎಂದಿನಂತೆ ಬೋಲ್ಟು ನೋಡಲು ಕೂತ. ಆಚೆ ಕಡೆಯ ಗ್ರೀಸೆಲ್ಲ ಮಳೆಗೆ ತೊಳೆದು, ಧೂಳು ಮೆತ್ತಿ, ತುದಿಯಲ್ಲಿ ತುಕ್ಕು ಹತ್ತಿತ್ತು. ಹೆಂಡತಿಯ ಕಡೆಯ ಮುಚ್ಚಳ ತೆಗೆದರೆ ಒಳಗೆ ಗ್ರೀಸು ಬೆಣ್ಣೆಯ ಹಾಗಿದೆ, ಒರೆಸಿದರೆ ಬೋಲ್ಟು ಹೊಸದರಂತಿದೆ. ಅವನು ಎರಡನ್ನೂ ಎರಡೆರಡು ಸಲ ನೋಡಿದ. ಆಮೇಲೆ ಮನೆಗೆ ಹೋಗಿ, ರೊಟ್ಟಿ ಬಡಿಯುತ್ತಿದ್ದವಳ ಮುಂದೆ ನಿಂತು, ಮದುವೆಯಾದ ಮೇಲೆ ಮೊದಲ ಸಲ ಬಾಯಿ ಬಿಟ್ಟು ಕೇಳಿದ.

"ಭೀಮವ್ವಾ, ಇನ್ನೂ ನೂರು ಬೂಚ ಬೇಕಾಗ್ಯಾವ."

ಬಯಲಲ್ಲಿದ್ದ ಬೋಲ್ಟಿಗೆಲ್ಲ ಗ್ರೀಸು ತುಂಬಿದ ಟೊಪ್ಪಿಗೆ ಬಂತು. ನೀರಿನಲ್ಲಿ ಮುಳುಗುವ ಬೋಲ್ಟಿನ ಮುಚ್ಚಳ ಹರಿವಿಗೆ ಕಿತ್ತುಹೋಗುತ್ತಿತ್ತು. ಅದಕ್ಕೆ ಭೀಮವ್ವನೇ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಕೊಟ್ಟಳು. ಗ್ರೀಸು ಮೆತ್ತಿ, ಮೇಲೆ ಟ್ಯೂಬು ಸುತ್ತಿ, ತಂತಿ ಕಟ್ಟಿದರು. ಕೆಂಪು, ನೀಲಿ, ಹಸಿರು ಮುಚ್ಚಳಗಳ ಆ ಗೇಟು ದೂರದಿಂದ ಬಾಸಿಂಗ ಕಟ್ಟಿಕೊಂಡ ಮದುಮಗನಂತೆ ಕಾಣುತ್ತಿತ್ತು. ದಾರಿಹೋಕರು ಬೈಕು ನಿಲ್ಲಿಸಿ ಫೋಟೋ ತೆಗೆದುಕೊಳ್ಳುತ್ತಿದ್ದರು.

ಎರಡು ವರ್ಷದ ಹಿಂದಿನ ಬೇಸಿಗೆಯ ಮಾತು. ಗೇಟಿನ ಅಂಚಿನಲ್ಲಿ ನೀರು ಸೋರದಂತೆ ಹಿಡಿಯುವ ರಬ್ಬರ್ ಪಟ್ಟಿಗಳನ್ನು ಬದಲಿಸುವ ಕೆಲಸ ಬಂತು. ಒಂದೊಂದು ಪಟ್ಟಿಯನ್ನು ಹಿಡಿದಿರುವುದು ಇಪ್ಪತ್ತು ಇಪ್ಪತ್ನಾಲ್ಕು ಬೋಲ್ಟು. ಅದೂ ವರ್ಷದ ಎಂಟು ತಿಂಗಳು ನೀರೊಳಗೆ ಇರುವಂಥವು. ಎಲ್ಲ ಕಡೆಯೂ ನಟ್ಟು ಬೋಲ್ಟು ಒಂದಕ್ಕೊಂದು ಕಚ್ಚಿಕೊಂಡು ಒಂದೇ ಮುದ್ದೆಯಾಗಿದ್ದವು. ಹಾಗಾಗಿ ಗ್ಯಾಸಿನಿಂದ ಕಬ್ಬಿಣ ಕೊಯ್ಯುವ ಶಾಂತಕುಮಾರನನ್ನು ಜೊತೆಯಲ್ಲಿಟ್ಟುಕೊಂಡೇ ಹೊಸ ಇಂಜಿನಿಯರು ನಾಗಲಕ್ಷ್ಮಿ ಊರೂರು ತಿರುಗುತ್ತಿದ್ದಳು. ಒಂದು ಗೇಟಿಗೆ ಎರಡು ದಿನ ಹಿಡಿಯುತ್ತಿತ್ತು.

ದೇವಾಪುರಕ್ಕೆ ಬಂದಾಗ ಶಾಂತಕುಮಾರ ಸಿಲಿಂಡರು ಇಳಿಸಿ, ಕಪ್ಪು ಕನ್ನಡಕ ಹಾಕಿಕೊಂಡ. ಯಂಕಣ್ಣ ಗೇಟಿಗೆ ಅಡ್ಡ ಬಂದು ನಿಂತ. ಕೈ ಅಡ್ಡ ಹಿಡಿದ.

"ಏನಾತ್ರಿ ಕಾಕಾ?" ಎಂದಳು ನಾಗಲಕ್ಷ್ಮಿ.

"ಬೆಂಕಿ ಬ್ಯಾಡ್ರಿ ಮೇಡಂ. ಪಾನಾ ಸಾಕು."

ಶಾಂತಕುಮಾರ ನಕ್ಕ. "ಹದಿನಾಲ್ಕು ಗೇಟ್ ಮಾಡಿ ಬಂದೀನಿ ಕಾಕಾ. ಒಂದರ ನಟ್ಟೂ ಪಾನಾಕ್ಕ ಅಲುಗಾಡಿಲ್ಲ."

ಯಂಕಣ್ಣ ಕೆಳಗಿಳಿದು, ತಂತಿ ಬಿಚ್ಚಿ, ಟ್ಯೂಬು ಸುಲಿದು, ಗ್ರೀಸು ಒರೆಸಿದ. ಪಾನಾ ಹಾಕಿ ಒಂದೇ ಸಲ ಎಳೆದ. ನಟ್ಟು ಕಿರ್ ಎಂದೂ ಅನ್ನಲಿಲ್ಲ. ಉಳಿದ ಸುತ್ತುಗಳನ್ನು ಎರಡು ಬೆರಳಲ್ಲೇ ತಿರುವಿ ಬಿಚ್ಚಿ, ಬೋಲ್ಟು ಎಳೆದು ನಾಗಲಕ್ಷ್ಮಿಯ ಅಂಗೈಯಲ್ಲಿಟ್ಟ. ಅವಳು ಬೋಲ್ಟನ್ನು ಬಿಸಿಲಿಗೆ ಹಿಡಿದು ಸುರುಳಿ ನೋಡಿದಳು.

"ಇದು ಯಾವಾಗ ಹಾಕಿದ್ದು?"

"ಹನ್ನೊಂದು ವರ್ಷ ಆತ್ರಿ."

"ಸುಳ್ಳು!" ಎಂದ ಶಾಂತಕುಮಾರ. ಕನ್ನಡಕ ತೆಗೆದು ತಾನೇ ಕೆಳಗಿಳಿದು ಇನ್ನೊಂದು ನಟ್ಟು ತಿರುವಿದ. ಬಂತು. ಮತ್ತೊಂದೂ ಬಂತು. ಅವನಿಗೆ ಆಟವೇ ಆಯಿತು. ಮೂರೂ ಗೇಟಿನ ಬೋಲ್ಟು ಬಿಚ್ಚಿ ಹೊಸ ಪಟ್ಟಿ ಕೂರಿಸುವಷ್ಟರಲ್ಲಿ ಊಟದ ಹೊತ್ತೂ ಆಗಿರಲಿಲ್ಲ. ಶಾಂತಕುಮಾರ ಮಧ್ಯಾಹ್ನ ಬೇವಿನ ನೆರಳಲ್ಲಿ ಸಿಲಿಂಡರಿಗೆ ಒರಗಿ ಗೊರಕೆ ಹೊಡೆದ. ಒಂದು ತಿಂಗಳಲ್ಲಿ ಅವನಿಗೆ ಸಿಕ್ಕ ಮೊದಲ ಬಿಡುವು ಅದು.

ನಾಗಲಕ್ಷ್ಮಿ ಅಷ್ಟಕ್ಕೇ ಬಿಡಲಿಲ್ಲ. ಮುಂದಿನ ತಿಂಗಳು ಸುರಪುರದಲ್ಲಿ ಸುತ್ತಲಿನ ಗೇಟ್ ಕಾಯುವವರನ್ನೆಲ್ಲ ಸೇರಿಸಿ, ಯಂಕಣ್ಣ ಪಾಠ ಹೇಳಬೇಕು ಎಂದಳು. ಯಂಕಣ್ಣನಿಗೆ ಮೂರು ದಿನ ಊಟ ಸೇರಲಿಲ್ಲ. ಭೀಮವ್ವ ಬಳೆ ಇಡಿಸಿಕೊಳ್ಳುವ ನೆಪ ಹೇಳಿ ತಾನೂ ಬಸ್ಸು ಹತ್ತಿದಳು.

ಸಭಾಂಗಣದಲ್ಲಿ ಅರವತ್ತು ಜನ. ಮೇಜಿನ ಮೇಲೆ ತುಕ್ಕು ಹಿಡಿದ ಬೋಲ್ಟು, ಬ್ರಷ್ಷು, ಗ್ರೀಸಿನ ಡಬ್ಬಿ, ಒಂದು ಬುಟ್ಟಿ ಮುಚ್ಚಳ. ಯಂಕಣ್ಣ ಎದ್ದು ನಿಂತ. ಬೋಲ್ಟು ಕೈಗೆತ್ತಿಕೊಂಡ. ಜನರನ್ನು ನೋಡಿದ. ಜನ ಅವನನ್ನು ನೋಡಿದರು. ಫ್ಯಾನು ತಿರುಗುತ್ತಿತ್ತು. ಕೊನೆಗೆ ಅವನು "ಹೂಂ" ಎಂದ.

ಹಿಂದಿನ ಸಾಲಿನಿಂದ ಭೀಮವ್ವ ಎದ್ದಳು. "ಅಂವ ಮಾತಾಡಂಗಿಲ್ರಿ. ಅಂವ ಕೈಲೆ ಮಾಡ್ತಾನ, ನಾ ಬಾಯಿಲೆ ಹೇಳ್ತೀನಿ. ನಡೀತದೇನ್ರಿ ಮೇಡಂ?"

"ನಡೀತದ, ನಡೀತದ. ಮುಂದ ಬರ್ರಿ!" ಎಂದಳು ನಾಗಲಕ್ಷ್ಮಿ.

ಯಂಕಣ್ಣ ಬ್ರಷ್ಷು ಹಿಡಿದ. ಭೀಮವ್ವ ಸೆರಗು ಸಿಕ್ಕಿಸಿದಳು.

"ಮೊದ್ಲು ತಿಕ್ಕಬೇಕ್ರಿ. ಹ್ಯಾಂಗ? ಅತ್ತಿ ಎದುರಿಗೆ ನಿಂತಾಗ ಸೊಸಿ ಗಡಿಗಿ ತಿಕ್ಕಿದಂಗ. ಜಂಗಿನ ಮ್ಯಾಲ ಬಣ್ಣ ಬಳದ್ರ ಕಸಾ ಹೊಡೀದ ನೆಲಾ ಸಾರಿಸಿದಂಗ ಆಗ್ತದ. ಆಮ್ಯಾಲ ಗಿರೀಸು. ಮ್ಯಾಲ ಮೆತ್ತಿ ಕೈ ತೊಳಕೊಂಡ್ರ ಆಗಂಗಿಲ್ಲ. ಹೂರಣಾ ಹೋಳಿಗಿ ಮ್ಯಾಲ ಇಡ್ತಾರೇನ್ರಿ? ಒಳಗ ತುಂಬಬೇಕು. ಇನ್ನ ನಟ್ಟು ಬಿಗೀಬೇಕು. ಬಿಗೀರಿ ಅಂದ್ರ ಕುತ್ತಿಗಿ ಹಿಚಕ್ರಿ ಅಂತಲ್ಲ, ಗಂಡಸೂರು ಹಂಗೇ ಮಾಡ್ತಾರ, ಬೋಲ್ಟು ಮುರೀತಾರ."

ಒಂದೊಂದು ಮಾತಿಗೂ ಸಭೆ ನಗುತ್ತಿತ್ತು. ಅವಳ ಪಕ್ಕದಲ್ಲಿ ಯಂಕಣ್ಣನ ಕೈಗಳು ಅದನ್ನೆಲ್ಲ ಮಾಡಿ ತೋರಿಸುತ್ತಿದ್ದವು. ಹತ್ತಿಕುಣಿ ಕಡೆಯಿಂದ ಬಂದಿದ್ದ ಸಂಜುಕುಮಾರ ಎಂಬವನು ಎದ್ದು ಕೇಳಿದ. "ಯಕ್ಕಾ, ಬೂಚ ಹಾಕಿದ್ರ ಒಳಗ ನೀರು ನಿಂತು ಇನ್ನಾ ಹಾಳಾಗಂಗಿಲ್ಲೇನು?"

ಇದು ಭೀಮವ್ವನಿಗೆ ಗೊತ್ತಿರಲಿಲ್ಲ. ಗಂಡನ ಮುಖ ನೋಡಿದಳು.

"ಪೂರಾ ತುಂಬಬೇಕು" ಎಂದ ಯಂಕಣ್ಣ. "ಗಾಳಿಗೂ ಜಾಗಾ ಬಿಡಬಾರ್ದು. ಅರ್ಧಾ ತುಂಬಿ ಬೂಚ ಹಾಕೂದ್ಕಿಂತ ಹಾಕದಿದ್ರನ ಚಲೋ. ವರ್ಷಕ್ಕೊಮ್ಮಿ ತಗದು ನೋಡ್ಬೇಕು. ನೋಡದ ಬಿಟ್ರ ಯಾವ ಟೊಪ್ಪಿಗಿನೂ ಉಳಸಂಗಿಲ್ಲ."

ಅಷ್ಟು ಉದ್ದದ ಮಾತು ಅವನ ಬಾಯಿಂದ ಭೀಮವ್ವನೂ ಕೇಳಿರಲಿಲ್ಲ. ಮೊದಲು ಚಪ್ಪಾಳೆ ತಟ್ಟಿದವಳು ಅವಳೇ. ಆಮೇಲೆ ಎಲ್ಲರೂ ತಟ್ಟಿದರು.

ಅಂದು ಬಳೆ ಇಡಿಸಿಕೊಳ್ಳಲು ಹೊತ್ತು ಸಿಗಲಿಲ್ಲ. ಜನ ಬಿಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿನ್ನುವಾಗಲೂ ಸಂಜುಕುಮಾರ ಬೆನ್ನು ಬಿಡದೆ, ತಾನು ಕಾಯುವ ಸಣ್ಣ ಕೆರೆಯ ತೂಬಿನ ಚಕ್ರ ತನ್ನ ಕಾಲದಲ್ಲಿ ಒಮ್ಮೆಯೂ ತಿರುಗಿಲ್ಲವೆಂದೂ, ಇಬ್ಬರೂ ಬರಲೇಬೇಕೆಂದೂ ಹಟ ಹಿಡಿದ.

ಮುಂದಿನ ವಾರ ಹೋದರು. ದಾರಿಯಲ್ಲಿ ಹತ್ತಿಕುಣಿಯ ಜಲಾಶಯ ಸಿಕ್ಕಿತು. ಕಾಲುವೆಯ ನೀರು ನೋಡುತ್ತಲೇ ಅರ್ಧ ಆಯುಷ್ಯ ಕಳೆದ ಭೀಮವ್ವ ಅಷ್ಟು ಅಗಲ ನಿಂತ ನೀರು ಕಂಡವಳಲ್ಲ. ಚಪ್ಪಲಿ ಬಿಟ್ಟು ಮೊಣಕಾಲವರೆಗೆ ಇಳಿದು, "ಏನ್ರೀ, ಬರ್ರಿ ಇಲ್ಲಿ!" ಎಂದು ಕೂಗಿದಳು. ಯಂಕಣ್ಣ ಧೋತರ ಎತ್ತಿಕೊಂಡು ಇಳಿದ. ಸಂಜುಕುಮಾರ ಬೈಕಿನ ಮೇಲೆ ಕೂತು ಅರ್ಧ ತಾಸು ಕಾದ.

ಆ ಕೆರೆಯ ಚಕ್ರಕ್ಕೆ ಎರಡು ದಿನ ಡೀಸೆಲ್ ಕುಡಿಸಬೇಕಾಯಿತು. ಸಂಜುಕುಮಾರನ ಮನೆಯಲ್ಲೇ ಉಳಿದರು. ಮೂರನೆಯ ದಿನ ಬೆಳಿಗ್ಗೆ ಯಂಕಣ್ಣ ಕಿವಿ ಹಚ್ಚಿ, ಸುತ್ತಿಗೆಯಿಂದ ಮೆಲ್ಲಗೆ ನಾಲ್ಕು ಏಟು ಹಾಕಿದ. ಆಮೇಲೆ ಚಕ್ರ ಬಿಟ್ಟು ಸರಿದು ಹೆಂಡತಿಗೆ ಸನ್ನೆ ಮಾಡಿದ.

"ನಾನಾ?"

"ಹೂಂ, ಹೂಂ."

ಭೀಮವ್ವ ಎರಡೂ ಕೈಯಿಂದ ಚಕ್ರ ಹಿಡಿದು ಮೈಭಾರ ಬಿಟ್ಟಳು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಒಳಗೆಲ್ಲೋ ಟಕ್ ಎಂದಿತು, ಚಕ್ರ ಹೊರಳಿತು, ಕೆಳಗೆ ತೂಬಿನಲ್ಲಿ ನೀರು ಗುಳುಗುಳು ಅಂದಿತು. ಕೆರೆಯ ಏರಿಯ ಮೇಲಿದ್ದವರೆಲ್ಲ ಹೋ ಎಂದು ಕೂಗಿದರು. ಅವಳು ನಗುತ್ತ ಚಕ್ರವನ್ನು ಇನ್ನೊಂದು ಸುತ್ತು ತಿರುಗಿಸಿದಳು, ಮತ್ತೊಂದು ಸುತ್ತು. ಸಾಕು ಎಂದು ಸಂಜುಕುಮಾರ ಬೇಡಿಕೊಳ್ಳುವವರೆಗೂ ತಿರುಗಿಸುತ್ತಲೇ ಇದ್ದಳು.