ಡೀಸೆಲ್ ಇಳಿದ ಬಾವಿ

ಹಲೀಮಕ್ಕ, ಅಂದು ನಾನು ನಿಮಗೆ ಸುಳ್ಳು ಹೇಳಿದೆ. ಬಾವಿ ಕೆಡಿಸಿದವರಿಂದಲೇ ಅದನ್ನು ಶುಚಿ ಮಾಡಿಸುವ ಖರ್ಚು ವಸೂಲು ಮಾಡಲು ಕಾನೂನಿನಲ್ಲಿ ದಾರಿಯಿತ್ತು. ಇಲ್ಲ ಎಂದೆ. ಯಾಕೆ ಹಾಗೆಂದೆನೋ — ಇಷ್ಟು ವರ್ಷವಾದರೂ ನನಗೇ ಸರಿಯಾಗಿ ತಿಳಿದಿಲ್ಲ.

ಎಂಬತ್ತರ ದಶಕದ ಆರಂಭ. ತರೀಕೆರೆಯಲ್ಲಿ ನಾನು ವಕೀಲಿ ಶುರುಮಾಡಿದ ಹೊಸತು. ಅಜ್ಜಂಪುರದ ಬಸ್ಸಿಳಿದು ನೀವು ಬಂದಿರಿ. ಜೊತೆಗೆ ನಿಮ್ಮ ಯಜಮಾನರು, ಸಂತೆಯಲ್ಲಿ ಎತ್ತುಗಳಿಗೆ ಲಾಳ ಹೊಡೆಯುತ್ತಿದ್ದ ಬಾಷಾ ಸಾಬರು. ತಂದಿದ್ದ ಬಾಟಲಿಯ ಬಿರಡೆ ತೆಗೆದಿರಿ. ಬಾವಿಯ ನೀರು ಅದು — ಕೋಣೆಯೆಲ್ಲ ಡೀಸೆಲ್ ವಾಸನೆ. ಪಕ್ಕದ ಪೆಟ್ರೋಲ್ ಬಂಕಿನಲ್ಲಿ ನೆಲದೊಳಗಿನ ಟ್ಯಾಂಕು ಸೋರಿ, ನಿಮ್ಮ ಬೀದಿಗಿದ್ದ ಒಂದೇ ಬಾವಿಗೆ ಇಳಿದಿತ್ತು.

"ಪಂಪು ತರ್ಸಿ ಪೂರ್ತಿ ಬತ್ತಿಸ್ಬೇಕಂತೆ, ಹೂಳು ತೆಗಿಸ್ಬೇಕಂತೆ. ನಮ್ ಬೀದೀಲಿ ಯಾರತ್ರ ಐತೆ ಅಷ್ಟು ದುಡ್ಡು? ಕೆಡ್ಸಿದೋರು ಅವ್ರು ಕಣ್ರೀ. ಅವ್ರ ಕೈಲೇ ಕೊಡ್ಸೋಕೆ ಕಾನೂನಲ್ಲಿ ಏನೂ ಇಲ್ವಾ ವಕೀಲ್ರೇ?"

"ಇಲ್ಲಮ್ಮ," ಎಂದೆ. "ಸುಮ್ನೆ ಕೋರ್ಟಿಗೆ ಅಲೀತೀರಿ ಅಷ್ಟೆ."

ಇತ್ತು, ಹಲೀಮಕ್ಕ. ಇಡೀ ಬೀದಿಯ ಪರವಾಗಿ ನೀವಿಬ್ಬರೇ ನಷ್ಟಪರಿಹಾರದ ದಾವೆ ಹೂಡಬಹುದಿತ್ತು. ಆ ಟ್ಯಾಂಕಿಗೆ ಮತ್ತೆ ಎಣ್ಣೆ ತುಂಬದಂತೆ ತಡೆಯಾಜ್ಞೆ ಕೇಳಬಹುದಿತ್ತು. ಊರಿಗೆಲ್ಲ ಉಪದ್ರವವಾಗಿದೆಯೆಂದು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದಿತ್ತು. ಗೆಲ್ಲುತ್ತಿದ್ದೆವೋ ಇಲ್ಲವೋ — ಅದು ಬೇರೆ ಮಾತು.

ಹಿಂದಿನ ವಾರವಷ್ಟೇ ಬಂಕಿನ ಯಜಮಾನರು ನನ್ನಲ್ಲಿಗೆ ಬಂದು, ಕಡೂರಿನ ಹತ್ತಿರದ ತಮ್ಮ ಜಮೀನಿನ ವ್ಯಾಜ್ಯವನ್ನು ನನಗೆ ಒಪ್ಪಿಸಿದ್ದರು. ನನಗೆ ಸಿಕ್ಕ ಮೊದಲ ದೊಡ್ಡ ಕೇಸು. ಏಳುವಾಗ, "ಬಾವಿ ವಿಷ್ಯ ಅಂತ ಯಾರಾದ್ರೂ ಬಂದ್ರೆ ನೀವೇನೂ ಮಾಡೋದು ಬ್ಯಾಡ. ಸುಮ್ನಿದ್ರೆ ಸಾಕು," ಎಂದರು. ನಾನು ತಲೆಯಾಡಿಸಿದ್ದೆ. ಹಾಗಾದರೆ ಅದು ಆಸೆಯೇ? ಭಯವೇ? ಅಥವಾ ಬಡವರು ಕೋರ್ಟಿನಲ್ಲಿ ನವೆದುಹೋಗುತ್ತಾರೆಂಬ ಕನಿಕರ — ಇಲ್ಲ, ಆ ಕನಿಕರವನ್ನು ಆಮೇಲೆ ಸೇರಿಸಿಕೊಂಡೆನೇನೋ.

ಪಂಪು ಬರಲಿಲ್ಲ. ಬೀದಿಯವರೇ ಕೊಡಗಳಲ್ಲಿ ನೀರು ಮೊಗೆದು ಹಾಕಿದರು. ಹೂಳೆತ್ತಲು ಬಾಷಾ ಸಾಬರು ಕೆಳಗಿಳಿದರು. ಆ ಹಬೆಗೆ ಅಲ್ಲೇ ಕುಸಿದರು. ಹಗ್ಗ ಕಟ್ಟಿ ಮೇಲೆತ್ತುವಷ್ಟರಲ್ಲಿ ತಡವಾಗಿತ್ತು. ಜೀವ ಉಳಿಯಿತು, ನೆನಪು ಉಳಿಯಲಿಲ್ಲ. ಲಾಳ ಹಿಡಿದ ಕೈಗೆ ಮುಂದೇನೆಂದು ತೋಚುತ್ತಿರಲಿಲ್ಲವಂತೆ. ನಿಮ್ಮನ್ನೇ 'ಅಮ್ಮಾ' ಎನ್ನುತ್ತಿದ್ದರಂತೆ.

ಇದನ್ನೆಲ್ಲ ನನಗೆ ಹೇಳಿದವರು ನೀವೇ. ಒಂದು ಚೀಲ ಕಡಲೆಕಾಯಿ ಹಿಡಿದುಕೊಂಡು ಬಂದಿದ್ದಿರಿ.

"ನಿಮ್ ಮಾತು ಕೇಳಿದ್ದು ಒಳ್ಳೇದಾಯ್ತು ಕಣ್ರೀ. ಕೋರ್ಟು ಕಚೇರಿ ಅಂತ ಹೋಗಿದ್ರೆ ಈಗ ಇವ್ರನ್ನ ಯಾರು ನೋಡ್ಕೋತಿದ್ರು?"

ಆಗಲೂ ದಾವೆ ಹಾಕುವ ಅವಧಿ ಮುಗಿದಿರಲಿಲ್ಲ. ಬಾಷಾ ಸಾಬರಿಗಾದ ಅನಾಹುತಕ್ಕೂ ಪರಿಹಾರ ಕೇಳಬಹುದಿತ್ತು. ಬಾಯಿ ತೆರೆದೆ — "ಬಸ್ಸಿಗೆ ಹೊತ್ತಾಯ್ತೇನಮ್ಮ" ಎಂದೆ. ಕಡಲೆಕಾಯಿ ಇಟ್ಟುಕೊಂಡೆ. ಮೊದಲ ಸಲದ್ದಕ್ಕೆ ಎಳಸುತನ ಎನ್ನಬಹುದೇನೋ. ಈ ಎರಡನೆಯದಕ್ಕೆ ಯಾವ ಹೆಸರೂ ಸಿಗುತ್ತಿಲ್ಲ.

ದಾವೆ ಹೂಡಿದ್ದರೆ ಅವರು ಬಾವಿಗಿಳಿಯುತ್ತಿರಲಿಲ್ಲವೇ? ನೀರಡಿಕೆ ವಾಯಿದೆಗೆ ಕಾಯುವುದಿಲ್ಲವಲ್ಲ, ಆದರೂ ಇಳಿಯುತ್ತಿದ್ದರೇನೋ. ಅತ್ತಲೂ ಇತ್ತಲೂ ವಾದಿಸಿದ್ದೇನೆ. ತೀರ್ಪು ಕೊಡಬೇಕಾದವರು ನೀವು; ನಿಮಗೆ ಮೊಕದ್ದಮೆ ಇರುವುದೇ ಗೊತ್ತಿಲ್ಲ.

ಬಾಷಾ ಸಾಬರು ತೀರಿಕೊಂಡರೆಂದು ಮೊನ್ನೆ ಕೋರ್ಟಿನಲ್ಲಿ ನಿಮ್ಮೂರಿನವರೊಬ್ಬರು ಹೇಳಿದರು. ನಾಳೆ ನಾನು ಅಜ್ಜಂಪುರಕ್ಕೆ ಬರುತ್ತಿದ್ದೇನೆ. ಇಲ್ಲಿ ಬರೆದಿರುವುದನ್ನು ನಿಮ್ಮೆದುರು ನಿಂತು ಬಾಯಿಬಿಟ್ಟು ಹೇಳುತ್ತೇನೆ. ಬಂಕಿನವರ ಮೇಲೆ ದಾವೆ ಹೂಡುವ ಕಾಲ ಮುಗಿದುಹೋಗಿದೆ. ಆದರೆ ಹೀಗೆ ನಡೆದುಕೊಂಡ ವಕೀಲನ ಮೇಲೆ ದೂರು ಕೊಡಬಹುದು, ಹಲೀಮಕ್ಕ. ಅದಕ್ಕೂ ಕಾನೂನಿನಲ್ಲಿ ದಾರಿಯಿದೆ. ನಿಮ್ಮ ಪರವಾಗಿ ಬೇರೆ ವಕೀಲರೊಬ್ಬರನ್ನು ಇಟ್ಟುಕೊಳ್ಳಿ. ನಾನು ಏನನ್ನೂ ಅಲ್ಲಗಳೆಯುವುದಿಲ್ಲ.