ನಾಳೆ ಬಾ ಎಂದು ಬರೆದ ಹಳದಿ ಚೀಟಿ

ಸಿಂಗಪುರದಲ್ಲಿ ಕೂತು ಕೆರಿಬಿಯನ್ ಸಮುದ್ರದ ಒಂದು ಪುಟ್ಟ ದ್ವೀಪಕ್ಕೆ ದಿನಾ ಹವೆ ಹೇಳುವುದು ನನ್ನ ಕೆಲಸ. ಹೀಗೆಂದರೆ ಜನ ನಗುತ್ತಾರೆ. ನಗಲಿ. ಮೊದಮೊದಲು ನನಗೂ ನಗು ಬರುತ್ತಿತ್ತು. ಹದಿಮೂರು ವರ್ಷವಾಯಿತು, ಈಗ ನಗುವುದಕ್ಕೂ ಸುಸ್ತು.

ಆ ದ್ವೀಪದ ಜನರ ಸಂಘವೊಂದು ಇಲ್ಲಿನ ಪಾಯಾ ಲೆಬಾರ್ ಬಡಾವಣೆಯ ನಮ್ಮ ಖಾಸಗಿ ಹವಾಮಾನ ಕಚೇರಿಯಿಂದ ದಿನಕ್ಕೊಂದು ಪುಟ ತರಿಸಿಕೊಳ್ಳುತ್ತದೆ. ಗಾಳಿ ಎಷ್ಟು, ಮಳೆ ಬರುತ್ತದೆಯೇ, ಸಮುದ್ರ ಎಷ್ಟು ಎತ್ತರ ಏಳುತ್ತದೆ, ಮತ್ತೆ ಜೂನ್‌ನಿಂದ ನವೆಂಬರ್‌ವರೆಗೆ, ಪೂರ್ವದ ಕಡೆಯಿಂದ ಚಂಡಮಾರುತ ಏನಾದರೂ ಹೊರಟಿದೆಯೇ. ಅಲ್ಲಿ ರಾತ್ರಿಯಿಡೀ ಎಚ್ಚರವಿದ್ದು ನಕ್ಷೆ ನೋಡುವವರಿಗೆ ಸಂಬಳ ಜಾಸ್ತಿ ಕೊಡಬೇಕು. ಅವರ ರಾತ್ರಿ ನಮಗೆ ಹಗಲು. ನನ್ನನ್ನು ಇಟ್ಟುಕೊಂಡದ್ದಕ್ಕೆ ಅದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ.

ನಮಗೂ ಅವರಿಗೂ ಸರಿಯಾಗಿ ಹನ್ನೆರಡು ಗಂಟೆ ಅಂತರ. ಹಾಗಾಗಿ ಗಡಿಯಾರದಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ನನಗೆ ಬುಧವಾರ ಬೆಳಿಗ್ಗೆ ಒಂಬತ್ತಾದರೆ ಅವರಿಗೆ ಮಂಗಳವಾರ ರಾತ್ರಿ ಒಂಬತ್ತು. ಇದೇ ಕಾರಣಕ್ಕೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಒಂದು ನಿಯಮ ಹೇಳಿಕೊಟ್ಟಿದ್ದರು: ಮುನ್ಸೂಚನೆಯಲ್ಲಿ ಇವತ್ತು, ನಾಳೆ ಅಂತ ಬರೆಯಲೇಬಾರದು. ವಾರದ ಹೆಸರು ಹಾಕಬೇಕು, ಅದೂ ದ್ವೀಪದ ವಾರ.

ಮನೆಯಲ್ಲಿ ನನ್ನ ವಿದ್ಯೆಗೆ ಮೂರು ಕಾಸಿನ ಬೆಲೆಯಿಲ್ಲ. ಚೋವಾ ಚು ಕಾಂಗ್‌ನಲ್ಲಿ ಒಂಬತ್ತನೇ ಮಹಡಿ ನಮ್ಮದು. ಮಗಳು ಶೂ ಹಾಕಿಕೊಳ್ಳುತ್ತಾ, ಇಲ್ಲಿನವರ ಹಾಗೆ ಮಾತಿಗೊಂದು ಲಾ ಸೇರಿಸಿ, "ಅಮ್ಮಾ, ಇವತ್ತು ಮಳೆ ಬರುತ್ತಾ ಇಲ್ವಾ? ಅಷ್ಟು ಹೇಳು ಲಾ, ಅಂಬ್ರೆಲಾ ಹೆವಿ ಆಗುತ್ತೆ," ಅನ್ನುತ್ತಾಳೆ. ನನಗೆ ಗೊತ್ತಿರುವುದಿಲ್ಲ. ಅಟ್ಲಾಂಟಿಕ್‌ನಲ್ಲಿ ಯಾವ ಮೋಡ ಎಲ್ಲಿದೆ ಎಂದು ಕೇಳಿದರೆ ನಿದ್ದೆಯಲ್ಲೂ ಹೇಳಿಯೇನು, ನಮ್ಮ ಬ್ಲಾಕ್‌ನ ಮೇಲಿನದ್ದು ಕಂಡಿರುವುದಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಲ್ಲಿ ಬಿತ್ತಂತೆ. ನಾನು ಎಷ್ಟೋ ಸಲ ಎಂಆರ್‌ಟಿ ರೈಲು ಸ್ಟೇಷನ್ ತಲುಪುವ ಹೊತ್ತಿಗೆ ತೊಯ್ದು ತೊಪ್ಪೆಯಾಗಿರುತ್ತೇನೆ.

ನಾನು ಬರೆದದ್ದನ್ನು ದ್ವೀಪದ ಸಣ್ಣ ರೇಡಿಯೋದಲ್ಲಿ ರಾತ್ರಿ ಒಂಬತ್ತಕ್ಕೆ ಓದುವುದು ಒಬ್ಬ ಹೆಂಗಸು. ಎಪ್ಪತ್ತರ ಹತ್ತಿರ ವಯಸ್ಸು. ನಾನು ಆಂಟಿ ಅನ್ನುತ್ತೇನೆ, ಆಕೆ ನನ್ನನ್ನು ಮಗಳೇ ಅನ್ನುತ್ತಾರೆ. ಮಾತೆಲ್ಲ ಇಂಗ್ಲಿಷಿನಲ್ಲೇ, ಆದರೆ ಅವರ ಇಂಗ್ಲಿಷಿನ ರಾಗ ನನ್ನ ಕಿವಿಯಲ್ಲಿ ಕನ್ನಡವಾಗಿಯೇ ಕೂತಿದೆ, ಇಲ್ಲಿ ಹಾಗೆಯೇ ಬರೆಯುತ್ತೇನೆ. ಓದುವ ಮೊದಲು ಎಂಟೂವರೆಗೆ ಒಂದು ಫೋನ್ ಮಾಡುತ್ತಿದ್ದರು. "ಇದು ಏನು ಮಗಳೇ, ಆರರಿಂದ ಎಂಟು ಅಡಿ? ಆರಾ, ಎಂಟಾ? ನನ್ನ ಜನ ಕೇಳ್ತಾರೆ." ದಿನಾ ಒಂದು ಅನುಮಾನ ಇದ್ದೇ ಇರುತ್ತಿತ್ತು. ಕೆಲವು ದಿನ ಪ್ರೀತಿ ಬರುತ್ತಿತ್ತು, ಕೆಲವು ದಿನ ಸಾಕಪ್ಪಾ ಸಾಕು ಅನ್ನಿಸುತ್ತಿತ್ತು.

ಅವರು ಅಷ್ಟು ಕೇಳುತ್ತಿದ್ದುದಕ್ಕೆ ಮನೆಯಲ್ಲೇ ಕಾರಣವಿತ್ತು. ಗಂಡನಿಗೆ ಎರಡೂ ಕಿಡ್ನಿ ಹೋಗಿತ್ತು. ದ್ವೀಪದಲ್ಲಿ ಡಯಾಲಿಸಿಸ್ ಇಲ್ಲ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಫೆರಿ ಹತ್ತಿ ಪಕ್ಕದ ದೊಡ್ಡ ದ್ವೀಪಕ್ಕೆ ಹೋಗಬೇಕು, ಸಂಜೆ ಬರಬೇಕು. ಸಮುದ್ರ ಎದ್ದರೆ ಫೆರಿ ಇಲ್ಲ, ಫೆರಿ ಇಲ್ಲದಿದ್ದರೆ ಡಯಾಲಿಸಿಸ್ ಇಲ್ಲ. ಒಂದು ಸಲ ತಪ್ಪಿದರೆ ಕಾಲು ಊದುತ್ತದೆ. ಎರಡು ಸಲ ತಪ್ಪಿದರೆ ನೀರು ಎದೆಗೆ ಏರುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ.

ಇನ್ನು ಆ ಚೀಟಿಯ ವಿಷಯ. ನಾನು ಚಿಕ್ಕವಳಿದ್ದಾಗ ಬೆಂಗಳೂರಿನ ನಮ್ಮ ಬೀದಿಯಲ್ಲಿ ಒಂದು ಸಲ ಮನೆ ಮನೆಯ ಬಾಗಿಲ ಮೇಲೂ ಸುಣ್ಣದಲ್ಲಿ "ನಾಳೆ ಬಾ" ಎಂದು ಬರೆದಿದ್ದರು. ದೆವ್ವವೊಂದು ಬಂದು ಮನೆಯವರ ದನಿಯಲ್ಲೇ ಕರೆಯುತ್ತದೆ, ಬರೆದದ್ದನ್ನು ಓದಿ ಸರಿ, ನಾಳೆ ಬರೋಣ ಎಂದು ಹೋಗುತ್ತದೆ, ಮಾರನೇ ದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಓದು ಬರುವ, ನೆನಪು ಇಲ್ಲದ ದೆವ್ವ. ಚಂಡಮಾರುತದ ಕಾಲ ಶುರುವಾದಾಗ ಒಂದು ಹಳದಿ ಚೀಟಿಯ ಮೇಲೆ "ನಾಳೆ ಬಾ" ಎಂದು ದಪ್ಪಕ್ಷರದಲ್ಲಿ ಬರೆದು ಕಂಪ್ಯೂಟರ್ ಪರದೆಯ ಅಂಚಿಗೆ ಅಂಟಿಸಿದ್ದೆ, ತಮಾಷೆಗೆ. ನನ್ನ ಪಕ್ಕದ ಮೇಜಿನಲ್ಲಿ ಕೂತು ಫಿಲಿಪ್ಪೀನ್ಸ್ ಕಡೆಯ ಹವೆ ನೋಡುವ ಉಡುಪಿಯವರು, "ಎಂಥ ಮಾರಾಯ್ರೇ, ನನ್ನ ಟೈಫೂನಿಗೂ ಒಂದು ಬರ್ದುಕೊಡಿ," ಎಂದಿದ್ದರು.

ಆಂಟಿಗೂ ಈ ಕಥೆ ಹೇಳಿದ್ದೆ. ಅವರು ನಗಲಿಲ್ಲ. ಮಾರನೆಯ ದಿನ ಅವರ ಮನೆಯ ನೀಲಿ ಬಾಗಿಲಿನ ಫೋಟೋ ಬಂತು. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ, ಇಂಗ್ಲಿಷಿನಲ್ಲಿ, ನಾಳೆ ಬಾ. ಗಂಡ ಅದರ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಹಲ್ಲು ಬಿಟ್ಟಿದ್ದರು.

ಹೀಗಿರುವಾಗ ಒಂದು ಬುಧವಾರ ಬೆಳಿಗ್ಗೆ ನಾನು ಎದ್ದದ್ದೇ ಸುಸ್ತಿನಲ್ಲಿ. ಹನ್ನೊಂದು ದಿನದಿಂದ ರಜೆಯಿರಲಿಲ್ಲ, ನನ್ನ ಬದಲಿಗೆ ಕೂರಬೇಕಾದವರಿಗೆ ಡೆಂಗಿ. ಮುಂಜಾನೆಯೇ ಸುಮಾತ್ರಾ ಕಡೆಯಿಂದ ಗುಡುಗು ಮಳೆ ಬಂದು ಸ್ಟೇಷನ್ನಿಗೆ ನಡೆಯುವಷ್ಟರಲ್ಲಿ ಸೀರೆ ಒಗೆದು ಹಿಂಡದೆ ಉಟ್ಟ ಹಾಗಾಗಿತ್ತು ನನ್ನ ಬಟ್ಟೆ. ಕಚೇರಿಯ ಏಸಿಯಲ್ಲಿ ನಡುಗುತ್ತಾ ಕೂತರೆ, ಪುಟ ತಯಾರಿಸುವ ಸಾಫ್ಟ್‌ವೇರ್ ಕೈಕೊಟ್ಟಿತ್ತು. ಎಂದಿನಂತೆ ಇದ್ದಿದ್ದರೆ ವಾರದ ಹೆಸರನ್ನು ಅದೇ ಹಾಕಿಕೊಳ್ಳುತ್ತಿತ್ತು. ಅವತ್ತು ಎಲ್ಲವನ್ನೂ ನಾನೇ ಬರೆಯಬೇಕಾಯಿತು.

ಚಂಡಮಾರುತ ನಿಜಕ್ಕೂ ಹೊರಟಿತ್ತು. ದ್ವೀಪದ ಉತ್ತರಕ್ಕೆ ಹಾದುಹೋಗುವಂತಿತ್ತು. ಗುರುವಾರ ಬೆಳಗಿನ ಜಾವದಿಂದ ಶುಕ್ರವಾರ ರಾತ್ರಿಯವರೆಗೆ ಸಮುದ್ರಕ್ಕೆ ಯಾರೂ ಇಳಿಯುವ ಹಾಗಿರಲಿಲ್ಲ. ದಣಿದಾಗ ನಾನು ಮೊದಲು ಕನ್ನಡದಲ್ಲಿ ಯೋಚಿಸಿ ಆಮೇಲೆ ಇಂಗ್ಲಿಷ್ ಮಾಡುತ್ತೇನೆ. ನನ್ನ ಬುಧವಾರದಲ್ಲಿ ಕೂತವಳಿಗೆ ಗುರುವಾರವೆಂದರೆ ನಾಳೆ. ಕಣ್ಣೆದುರಿಗೆ ಹಳದಿ ಚೀಟಿ ಬೇರೆ. "ನಾಳೆ ಬೆಳಗಿನ ಜಾವದಿಂದ ಸಮುದ್ರ ಏಳುತ್ತದೆ, ದೋಣಿಗಳು ಹೊರಡಬಾರದು," ಎಂದು ಮನಸ್ಸಿನಲ್ಲಿ ಬಂದದ್ದನ್ನು ಹಾಗೆಯೇ ಇಂಗ್ಲಿಷಿಗೆ ಇಳಿಸಿ ಕಳಿಸಿಬಿಟ್ಟೆ. ಅಲ್ಲಿ ಇನ್ನೂ ಮಂಗಳವಾರ ರಾತ್ರಿ.

ಎಂಟೂವರೆಗೆ ಫೋನ್ ಬಂತು.

"ಮಗಳೇ, ಇದರಲ್ಲಿ ವಾರ ಬರೆದಿಲ್ಲ. ನಾಳೆ ಅಂತಿದೆ."

"ಹೌದು ಆಂಟಿ."

"ನಾಳೆ ಅಂದ್ರೆ ನಾಳೆನೇನಾ? ನಿನ್ನೆ ತನಕ ಗುರುವಾರ ಅಂತಿದ್ದೆ."

ನನಗೆ ಪಿತ್ತ ನೆತ್ತಿಗೇರಿತು. ಒದ್ದೆ ಬಟ್ಟೆ, ಖಾಲಿ ಹೊಟ್ಟೆ, ಕೈಕೊಟ್ಟ ಕಂಪ್ಯೂಟರ್, ಅದರ ಮೇಲೆ ಇದೊಂದು. "ನಾಳೆ ಅಂದ್ರೆ ನಾಳೆನೇ ಆಂಟಿ. ಬರೆದಿರೋದನ್ನೇ ಓದಿ, ಪ್ಲೀಸ್," ಎಂದೆ. ಆ "ಪ್ಲೀಸ್" ಎಷ್ಟು ಒರಟಾಗಿತ್ತೆಂದರೆ ಪಕ್ಕದ ಮೇಜಿನವರು ತಲೆ ಎತ್ತಿ ನೋಡಿದರು. ಆಂಟಿ, ಆಯ್ತು ಮಗಳೇ, ಎಂದು ಫೋನ್ ಇಟ್ಟರು. ನಾನು ಮೈಲೋ ಕುಡಿಯಲು ಹೋದೆ.

ಗುರುವಾರ ಬೆಳಿಗ್ಗೆ ಕಚೇರಿಗೆ ಬಂದಾಗ ಅವರ ಸಂದೇಶ ಕಾಯುತ್ತಿತ್ತು. ಅಲ್ಲಿ ಬುಧವಾರ ಮುಗಿಯುತ್ತಾ ಬಂದಿತ್ತು. ಮಂಗಳವಾರ ರಾತ್ರಿಯೇ ಫೆರಿಯನ್ನೂ ದೋಣಿಗಳನ್ನೂ ಕಾಂಡ್ಲಾ ಮರಗಳು ದಟ್ಟವಾಗಿ ಬೆಳೆದು ಗಾಳಿ ತಡೆಯುವ ಕೊಲ್ಲಿಗೆ ಒಯ್ದು ಕಟ್ಟಿದರಂತೆ. ಶಾಲೆ ಮುಚ್ಚಿದರು, ಕಿಟಕಿಗಳಿಗೆ ಹಲಗೆ ಹೊಡೆದರು. ಬುಧವಾರವಿಡೀ ಸಮುದ್ರ ತಟ್ಟೆಯಲ್ಲಿಟ್ಟ ನೀರಿನ ಹಾಗೆ ಸುಮ್ಮನಿತ್ತು. ಒಂದು ಎಲೆ ಅಲುಗಲಿಲ್ಲ. ಕೊನೆಯಲ್ಲಿ ಬರೆದಿದ್ದರು: "ನಿನ್ನ ದೆವ್ವ ಬಾಗಿಲು ಓದಿತು ಮಗಳೇ! ನಾಳೆ ಬರ್ತೀನಿ ಅಂತ ಹೋಯ್ತು!"

ನಾನು ಹಿಂದಿನ ದಿನದ ಪುಟ ತೆಗೆದು ನೋಡಿದೆ. ಗುರುವಾರ ಎಂದಿರಬೇಕಾದ ಕಡೆ ನಾಳೆ ಎಂದಿತ್ತು. ಆ ಸುಮ್ಮನಿದ್ದ ಬುಧವಾರ ಆಂಟಿಯ ಗಂಡ ಫೆರಿ ಹತ್ತಬೇಕಿತ್ತು. ಈಗ ಗುರುವಾರ ಸಮುದ್ರ ಏಳುತ್ತದೆ, ಶುಕ್ರವಾರವೂ ಇಳಿಯುವುದಿಲ್ಲ. ಸೋಮವಾರ ರಕ್ತ ಶುದ್ಧಿಯಾದ ಮನುಷ್ಯ ಶನಿವಾರದವರೆಗೆ ಹಾಗೆಯೇ ಇರಬೇಕು. ಅಲ್ಲಿ ಕತ್ತಲಾಗಿತ್ತು, ದೋಣಿಗಳೆಲ್ಲ ಕೊಲ್ಲಿಯೊಳಗಿದ್ದವು, ಬೆಳಗಿನ ಜಾವಕ್ಕೆ ಗಾಳಿ. ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಆ ದಿನದ ಪುಟದಲ್ಲಿ ವಾರದ ಹೆಸರನ್ನು ಎರಡೆರಡು ಸಲ ಬರೆದೆ.

ಉಡುಪಿಯವರಿಗೆ ಹೇಳಿದೆ. ಅವರು ಪುಟವನ್ನು ಎರಡು ಸಲ ಓದಿ, ದನಿ ಇಳಿಸಿ, "ನೀವು ಬಾಯಿ ಬಿಡದಿದ್ರೆ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ ಮಾರಾಯ್ರೇ. ಗಾಳಿ ಒಂದು ದಿನ ಲೇಟ್ ಆಯ್ತು, ಅಷ್ಟೇ. ಲೇಟ್ ಆಗೋದಿಲ್ವಾ? ಸುಮ್ನೆ ಬಿಡಿ," ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅಯ್ಯೋ, ನನಗೂ ಅದೇ ಬೇಕಾಗಿತ್ತು. ಆ ದಿನ ಬೇರೆ ಯಾರಿಗೂ ಹೇಳಲಿಲ್ಲ. ಶುಕ್ರವಾರವೂ ಹೇಳಲಿಲ್ಲ. ಆಂಟಿಯ ಫೋನ್ ಹೋಗುತ್ತಿರಲಿಲ್ಲ, ಕರೆಂಟು ಹೋಗಿದೆ ಎಂದು ಸಂಘದವರು ಬರೆದರು. ಮನೆಯಲ್ಲಿ ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ, ಮಗಳು ತಟ್ಟೆ ತಳ್ಳಿದಳು.

ಭಾನುವಾರ ಬದಲಿಯವರು ಕೆಲಸಕ್ಕೆ ಮರಳಿ ನನಗೆ ರಜೆ ಸಿಕ್ಕಿತ್ತು, ಬೆಳಿಗ್ಗೆ ಲೈನ್ ಸಿಕ್ಕಿತು. ಮಗಳ ಕಿವಿಗೆ ಬೀಳದಿರಲೆಂದು ಕೆಳಗೆ ವಾಯ್ಡ್ ಡೆಕ್‌ಗೆ, ಅಂದರೆ ಬ್ಲಾಕ್‌ನ ಬುಡದ ತೆರೆದ ಜಗಲಿಗೆ ಬಂದು, ಕಲ್ಲಿನ ಮೇಜಿನ ಹತ್ತಿರ ನಿಂತು ಮಾತಾಡಿದೆ. ಅಲ್ಲಿ ಶನಿವಾರ ರಾತ್ರಿ. ಬೆಳಿಗ್ಗೆ ಫೆರಿ ಹೋಯಿತಂತೆ. ನಾಲ್ಕು ಜನ ಗಂಡನನ್ನು ಕುರ್ಚಿ ಸಮೇತ ಎತ್ತಿ ದೋಣಿಗೆ ಇಟ್ಟರಂತೆ. ಉಸಿರು ಕೊಳಕೊಳ ಅನ್ನುತ್ತಿತ್ತಂತೆ. ಆಸ್ಪತ್ರೆಯವರು ಉಳಿಸಿಕೊಂಡಿದ್ದಾರೆ, ಬದುಕುತ್ತಾರೆ ಎಂದಿದ್ದಾರೆ. ಆಂಟಿ ರೇಡಿಯೋಗಾಗಿ ಸಂಜೆ ಫೆರಿಗೆ ವಾಪಸು ಬಂದಿದ್ದರು.

"ಐದು ದಿನ ಮಗಳೇ," ಎಂದರು. "ದಿನಾ ಬೆಳಿಗ್ಗೆ ಆ ಬಾಗಿಲಿನ ಅಕ್ಷರದ ಮೇಲೆ ಮತ್ತೆ ಸೀಮೆಸುಣ್ಣ ಎಳೀತಿದ್ದೆ. ಗಾಳಿನ ಒಂದು ದಿನ ನಿಲ್ಸಿತ್ತಲ್ಲ, ಇವನ ಸಾವನ್ನೂ ನಿಲ್ಸತ್ತೆ ಅಂತ. ಸಾವು ಓದ್ಕೊಂಡು ಹೋಯ್ತು ನೋಡು! ನಿಂಗೆ ಪುಣ್ಯ ಬರ್ಲಿ."

ಆ ಪುಣ್ಯವನ್ನು ಇಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ. "ಆಂಟಿ, ಗಾಳಿ ನಿಲ್ಲಲಿಲ್ಲ. ಅದು ಯಾವಾಗಲೂ ಗುರುವಾರಾನೇ ಬರೋದಿತ್ತು. ನಾನು ನನ್ನ ನಾಳೆ ಬರೆದೆ. ತಪ್ಪು ನಂದು. ಬುಧವಾರ ಅಂಕಲ್ ಹೋಗಬಹುದಿತ್ತು," ಎಂದೆ. ಒಂದೇ ಉಸಿರಿಗೆ ಹೇಳಿದೆ, ನಿಲ್ಲಿಸಿದರೆ ಮತ್ತೆ ಶುರು ಮಾಡಲು ಧೈರ್ಯ ಸಾಲದು ಎಂದು.

ಆಂಟಿ, "ನಾನು ಕೇಳಿದ್ದೆ ಅಲ್ವಾ ಮಗಳೇ?" ಎಂದರು. ಬೈಯಲಿಲ್ಲ. ಫೋನ್ ಇಟ್ಟರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸೋಮವಾರ ಮೇಲಿನವರಿಗೂ ಹೇಳಿದೆ, ಅವರು ಎಚ್ಚರಿಕೆಯ ಪತ್ರ ಕೊಟ್ಟರು, ಸಂಘಕ್ಕೆ ಕ್ಷಮೆ ಕೇಳಿ ಬರೆದೆ. ಹಳದಿ ಚೀಟಿಯನ್ನು ಕಿತ್ತು ಹರಿದು ಕಸಕ್ಕೆ ಹಾಕಿದೆ. ಒಂಬತ್ತು ದಿನ ಎಂಟೂವರೆಗೆ ಫೋನ್ ಬರಲಿಲ್ಲ. ಸಾಕಪ್ಪಾ ಸಾಕು ಎಂದುಕೊಳ್ಳುತ್ತಿದ್ದ ಫೋನಿಗಾಗಿ ಕೂತು ಕಾದೆ.

ಹತ್ತನೆಯ ದಿನ ಮಾಡಿದರು. ಬಾಗಿಲು ತೊಳೆದೆ ಎಂದರು. ಗಂಡ ಇನ್ನು ದ್ವೀಪಕ್ಕೆ ಬರುವುದಿಲ್ಲವಂತೆ, ದೊಡ್ಡ ದ್ವೀಪದಲ್ಲೇ ಆಸ್ಪತ್ರೆಯ ಹತ್ತಿರ ತಂಗಿಯ ಮನೆಯಲ್ಲಿ ಉಳಿದರಂತೆ. ಫೆರಿಯನ್ನೂ ಹವೆಯನ್ನೂ ನಂಬಿ ಮತ್ತೆ ಐದು ದಿನ ಹಾಗೆ ಮಲಗಲಾರೆ ಎಂದರಂತೆ. ನಲವತ್ತು ವರ್ಷ ಒಂದೇ ಸೂರಿನಡಿ ಇದ್ದವರು. ನೀವೂ ಅಲ್ಲಿಗೇ ಹೋಗಬಹುದಲ್ಲ ಆಂಟಿ, ಎಂದೆ. "ಇಲ್ಲಿ ಯಾರು ಓದ್ತಾರೆ? ನೀನು ಬರೆದದ್ದನ್ನ ಹಾಗೇ ಓದೋರು ಬಂದ್ರೆ ಏನು ಗತಿ?" ಎಂದರು. ಅದರಲ್ಲಿ ಒಂದಿಷ್ಟು ತಮಾಷೆ ಇತ್ತು, ಒಂದಿಷ್ಟು ಇರಲಿಲ್ಲ.

ಈಗ ಭಾನುವಾರಗಳಂದು ಅವರೇ ಫೆರಿ ಹತ್ತಿ ಗಂಡನನ್ನು ನೋಡಿಬರುತ್ತಾರೆ. ಅವರ ಶನಿವಾರ ರಾತ್ರಿ ತಪ್ಪದೆ ಫೋನ್ ಮಾಡುತ್ತಾರೆ. ಆಗ ನನಗೆ ರಜೆ, ಆದರೂ ನಕ್ಷೆ ತೆರೆದಿಟ್ಟುಕೊಂಡು ಅಡುಗೆಮನೆಯಲ್ಲೇ ಇರುತ್ತೇನೆ. ಹೋದ ವಾರವೂ ಮಾಡಿದರು.

"ಭಾನುವಾರ ಸಮುದ್ರ ಹೇಗಿದೆ ಮಗಳೇ?"

"ಚೆನ್ನಾಗಿದೆ ಆಂಟಿ. ಮೂರು ಅಡಿ ಅಷ್ಟೇ."

"ಯಾವ ಭಾನುವಾರ? ನಿಂದಾ, ನಂದಾ?"

ಕಿಟಕಿಯಾಚೆ ನನ್ನ ಭಾನುವಾರ ಆಗಲೇ ಬಂದು ಧೋ ಎಂದು ಸುರಿಯುತ್ತಿತ್ತು. "ನಿಮ್ಮದು ಆಂಟಿ," ಎಂದೆ.

"ಹಾಗಾದ್ರೆ ಬರ್ತೀನಿ ಅಂತ ಅವನಿಗೆ ಹೇಳಲಾ?"

ಒಂದು ನಿಮಿಷ ಇರಿ ಎಂದು, ಒದ್ದೆ ಕೈ ಒರೆಸಿಕೊಂಡು, ನಕ್ಷೆಯನ್ನು ಮತ್ತೆ ಮೊದಲಿನಿಂದ ನೋಡಿದೆ. ಅವರು ಲೈನಿನಲ್ಲೇ ಕಾದರು.