ಬಯಲಿನೊಳಗಿನ ಓಣಿ

ಇದನ್ನು ಓದಿ ನೀವು ನಗಬಹುದು. ನಗಿ. ನನ್ನ ಜತೆ ಕೆಲಸ ಮಾಡುವವರೂ ನಕ್ಕರು. ಆದರೆ ಮಧುಗಿರಿ ಬೆಟ್ಟದ ಹಿಂಬದಿಯ ಆ ಬಯಲಿಗೆ ಸಂಜೆ ಹೊತ್ತು ಇಳಿಯುವ ಧೈರ್ಯ ನನಗಂತೂ ಉಳಿದಿಲ್ಲ.

ನನ್ನ ಕೆಲಸ ಮೊದಲು ಹೇಳಿಬಿಡುತ್ತೇನೆ. ಉಪಗ್ರಹ ತೆಗೆದ ಚಿತ್ರವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿಕೊಂಡು, ಕಾಣುವ ಪ್ರತಿ ಛಾವಣಿಯ ಸುತ್ತ ಗೆರೆ ಎಳೆಯುವುದು. ಊರಿನ ಯಾವ ಭಾಗದಲ್ಲಿ ಮನೆಗಳು ಒತ್ತೊತ್ತಾಗಿವೆ, ಎಲ್ಲಿ ವಿರಳವಾಗಿವೆ ಎಂದು ಅದರಿಂದ ಅಂದಾಜು ಮಾಡುವುದು. ಶಿರಾ, ಕೊರಟಗೆರೆ, ಪಾವಗಡ ಮುಗಿದಿದ್ದವು. ಮಧುಗಿರಿಯ ಅಂಚಿನ ಒಂದು ಜಾಗ ಮಾತ್ರ ಇಡೀ ಊರಿನಲ್ಲೇ ಅತಿ ಕಿಕ್ಕಿರಿದದ್ದು. ಛಾವಣಿಗೆ ಛಾವಣಿ ತಾಗಿಕೊಂಡಿದ್ದವು, ನಡುವೆ ದಾರದೆಳೆಯಂಥ ಓಣಿಗಳು. ಆದರೆ ಆನ್‌ಲೈನ್ ಮ್ಯಾಪಿನಲ್ಲಿ ಅಲ್ಲಿ ಏನೂ ಇರಲಿಲ್ಲ. ಯಾವುದು ಸರಿ ಎಂದು ನೋಡಿಬರಲು ನನ್ನನ್ನು ಕಳಿಸಿದರು.

ಕಾರಿನ ಡ್ರೈವರ್ ಮಂಜಣ್ಣ, ಕೊರಟಗೆರೆಯವರು. ಮಾತು ಕಡಿಮೆ. ನಾವು ತಲುಪಿದಾಗ ಹೊತ್ತು ಮುಳುಗುತ್ತಿತ್ತು.

ಮನೆಗಳು ಇರಲಿಲ್ಲ... ಒಂದೂ ಇರಲಿಲ್ಲ.

ಜೆಸಿಬಿ ಸವರಿ ಹಾಕಿದ ಕೆಂಪು ನೆಲ, ಸೈಟುಗಳಿಗೆ ನೆಟ್ಟ ಗುರುತಿನ ಕಲ್ಲುಗಳು, ಮೂಲೆಯಲ್ಲಿ ಹೊಸ ಲೇಔಟಿನ ಬೋರ್ಡು. ಅಂದರೆ ನಮ್ಮ ಉಪಗ್ರಹ ಚಿತ್ರವೇ ಹಳೆಯದು. ಇಷ್ಟೇ ಸಂಗತಿ ಎಂದುಕೊಂಡು, ಫೋಟೊ ತೆಗೆಯಲು ಫೋನ್ ಹಿಡಿದು ಬಯಲಿಗಿಳಿದೆ.

ನಡುವಿಗೆ ಬರುವಷ್ಟರಲ್ಲಿ ಗಾಳಿ ನಿಂತಿತು. ಸೌದೆ ಹೊಗೆಯ ವಾಸನೆ ಬಂತು. ಅದರ ಹಿಂದೆಯೇ ಹುರುಳಿ ಸಾರಿನ ಒಗ್ಗರಣೆ... ತೀರ ಹತ್ತಿರದಲ್ಲಿ ಯಾರೋ ಪಾತ್ರೆ ಬೋರಲು ಹಾಕಿದ ಸದ್ದು. ಕತ್ತೆತ್ತಿ ನೋಡಿದರೆ ಕಲ್ಲು, ಮಣ್ಣು, ದೂರದಲ್ಲಿ ನಮ್ಮ ಕಾರು.

ಕಾರಿನ ಕಡೆ ನೇರವಾಗಿ ನಡೆದೆ. ಮೊಣಕೈಗೆ ಏನೋ ಒರಟಾಗಿ ಉಜ್ಜಿತು. ಪಕ್ಕಕ್ಕೆ ಸರಿದೆ, ಆ ಕಡೆಯೂ ಭುಜ ತಗುಲಿತು. ಕಣ್ಣಿಗೆ ಬಯಲು, ಮೈಗೆ ಓಣಿ. ಮಂಜಣ್ಣ ಕೈಬೀಸಿ ಕೂಗುವುದು ಕಾಣುತ್ತಿತ್ತು, ದನಿ ಮಾತ್ರ ಎಷ್ಟೋ ಗೋಡೆಗಳಾಚೆಯಿಂದ ಬಂದ ಹಾಗಿತ್ತು. ತಿರುಗಿದ ಕಡೆಯೆಲ್ಲ ದಾರಿ ಮುಗಿದುಹೋಗುತ್ತಿತ್ತು. ಬರಿಗಾಳಿಯನ್ನು ತಡವಿಕೊಂಡು ಹೆಜ್ಜೆಯಿಟ್ಟೆ.

ಆಗ ಕಿವಿಯ ಪಕ್ಕದಲ್ಲೇ ಒಬ್ಬ ಹೆಂಗಸಿನ ಗೊಗ್ಗರು ದನಿ ಪಿಸುಗುಟ್ಟಿತು:

"ಮೆತ್ತಗೆ ಓಗಮ್ಮ... ಮಗು ಮಲ್ಗೈತೆ."

ಹೇಗೆ ಹೊರಬಂದೆನೋ ಗೊತ್ತಿಲ್ಲ. ರಸ್ತೆಗೆ ಬಂದಾಗ ಪೂರ್ತಿ ಕತ್ತಲಾಗಿತ್ತು. ಮಂಜಣ್ಣನ ಮುಖ ಬಿಳಿಚಿಕೊಂಡಿತ್ತು.

"ಅಲ್ಲ ಮೇಡಂ, ಅಷ್ಟಗಲ ಬಯಲೈತೆ... ನೀವ್ಯಾಕೆ ಅಂಗೆ ಸಂದಿ ಸಂದಿ ತಿರುಕ್ಕೊಂಡು ಬಂದ್ರಿ?"

ನಾನು ಕಾರು ಹತ್ತಿ ಬಾಗಿಲು ಹಾಕಿಕೊಂಡೆ. ಅವರು ಮುಂದಿನ ತಿರುವಿನ ಟೀ ಅಂಗಡಿಯಲ್ಲಿ ಕಾರು ನಿಲ್ಲಿಸಿದರು. ಅಲ್ಲಿ ಲೋಟ ತೊಳೆಯುತ್ತಿದ್ದ ಹೆಂಗಸು ನನ್ನನ್ನು ನೋಡಿ, ಹುಷಾರಿಲ್ಲವೇ ಎಂದು ವಿಚಾರಿಸಿದಳು.

ಅದೇ ದನಿ.

ಹೆಸರು ಲಕ್ಷ್ಮಕ್ಕ. ಅವಳ ಮನೆ ಇದ್ದದ್ದು ಆ ಬಯಲಿನಲ್ಲೇ. ಕೂಲಿಯವರ ಕೇರಿ ಅದು, ಲೇಔಟಿನವರು ಒಂದು ಬೆಳಗ್ಗೆ ಬಂದು ಎಲ್ಲವನ್ನೂ ಕೆಡವಿದರಂತೆ. ಇದ್ದವರು ಈಗ ಒಂದೊಂದು ಊರಿನಲ್ಲಿ. ನಾನು ಹಿಂಜರಿಯುತ್ತಲೇ ನಡೆದದ್ದನ್ನು ಹೇಳಿ, ಅಲ್ಲಿ ಯಾರಾದರೂ ಸತ್ತಿದ್ದರಾ ಎಂದು ಕೇಳಿದೆ.

"ಯಾರೂ ಸತ್ತಿಲ್ಲ ಕಣಮ್ಮ. ಎಲ್ರೂ ಬದುಕವ್ರೆ," ಅಂದಳು. ತೊಳೆದ ಲೋಟ ಬೋರಲು ಹಾಕಿದಳು. "ಆ ಮಾತು ನಂದೇ. ನನ್ ಮಗ ಮಲ್ಗಿದ್ದಾಗ ಓಣಿಲಿ ಓಗೋರ್ಗೆಲ್ಲ ಅಂಗೇ ಅಂತಿದ್ದೆ. ಈಗ ಅವನು ಲಾರಿ ಓಡುಸ್ತಾನೆ."

ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, "ನಂಗೂ ಕೇಳುಸ್ತದಾ ನೋಡಾನ. ಬತ್ತೀಯಾ?" ಅಂದಳು.

ಬರುವುದಿಲ್ಲ ಎನ್ನಲಾಗಲಿಲ್ಲ. ನಾನು, ಮಂಜಣ್ಣ ರಸ್ತೆಯಂಚಿನಲ್ಲೇ ನಿಂತೆವು. ಲಕ್ಷ್ಮಕ್ಕ ಕಾರಿನ ಲೈಟಿನ ಬೆಳಕಿನಲ್ಲಿ ಈ ತುದಿಯಿಂದ ಆ ತುದಿಗೆ ನೇರ ನಡೆದುಹೋದಳು. ಅವಳನ್ನು ಯಾವ ಗೋಡೆಯೂ ತಡೆಯಲಿಲ್ಲ. ಒಂದು ಕಡೆ ಕೂತು ನೆಲ ಸವರಿದಳು. ಕಿವಿಗೊಟ್ಟಳು. ಬಹಳ ಹೊತ್ತು ಹಾಗೇ ಇದ್ದು ಎದ್ದು ಬಂದಳು.

"ಏನೂ ಇಲ್ಲ ಕಣಮ್ಮ. ಬರೀ ಬಯಲು."

ಅವಳ ಮುಖ ನೋಡಲು ನನ್ನಿಂದಾಗಲಿಲ್ಲ.

ಮರುದಿನ ಆಫೀಸಿನಲ್ಲಿ, ಹಳೆಯ ಚಿತ್ರ, ಅಳಿಸಿಬಿಡು ಅಂದರು. ಎಳೆದಿದ್ದ ಗೆರೆಗಳನ್ನೆಲ್ಲ ನಾನೇ ಅಳಿಸಿದೆ. ನಕ್ಷೆಯಲ್ಲಿ ಈಗ ಅದು ಖಾಲಿ ಜಾಗ. ಇನ್ನು ಅಲ್ಲಿ ಯಾರ ಲೆಕ್ಕವೂ ಇಲ್ಲ.

ಆದರೆ ಲಕ್ಷ್ಮಕ್ಕನಿಗೆ ನಾನು ಒಂದು ಮಾತು ಹೇಳಲಿಲ್ಲ. ಬರೀ ಬಯಲು ಎಂದು ಅವಳು ನನ್ನೆದುರು ನಿಂತಿದ್ದಾಗ, ಅವಳ ಬೆನ್ನ ಹಿಂದಿನ ಕತ್ತಲಲ್ಲಿ ಮಗುವೊಂದು ಎಚ್ಚರಗೊಂಡು ಅಳತೊಡಗಿತ್ತು. ಅವಳಿಗೆ ಕೇಳಲಿಲ್ಲ. ನಾವು ಕಾರು ಹತ್ತುವವರೆಗೂ ಅದು ಅಳುತ್ತಲೇ ಇತ್ತು... ಎತ್ತಿಕೊಳ್ಳಲು ಯಾರೂ ಬರಲಿಲ್ಲ.